ಹಂಚಿಕೆಯ ಪ್ರಿಂಟರ್‌ಗೆ ಸೆಪರೇಟರ್ ಪೇಜ್: ಹೆಸರು ದೊಡ್ಡದಾಗಿ ಬರಬೇಕು, ಹಾಳೆ ಹಳದಿ ಟ್ರೇಯಿಂದ ಬರಬೇಕು

ಪ್ರಶ್ನೆ: ಕಚೇರಿ_ಐಟಿ

ಎಲ್ಲರಿಗೂ ನಮಸ್ಕಾರ. ಒಂದು ವಿಂಡೋಸ್ ಸರ್ವರ್, ಅದರ ಮೇಲೆ ಒಂದೇ ಪ್ರಿಂಟ್ ಕ್ಯೂ (ಅಚ್ಚಿಗೆ ಕಾಯುವ ಕೆಲಸಗಳ ಸಾಲು), ಐದು ವಿಭಾಗಗಳ ಸುಮಾರು ನಲವತ್ತು ಜನ. ದಿನಕ್ಕೆ 150 ಜಾಬ್ (ಒಮ್ಮೆಗೆ ಕಳಿಸುವ ಅಚ್ಚಿನ ಕೆಲಸ) ಆಸುಪಾಸು. ಒಬ್ಬರ ಕಾಗದ ಇನ್ನೊಬ್ಬರ ಫೈಲಿಗೆ ಸೇರಿಹೋಗುತ್ತಿದೆ, ಅದಕ್ಕೇ ಪ್ರತಿ ಜಾಬ್‌ನ ಮುಂದೆ ಒಂದು ಗುರುತಿನ ಹಾಳೆ, ಅಂದರೆ ಸೆಪರೇಟರ್ ಪೇಜ್, ಹಾಕಬೇಕೆಂದು ತೀರ್ಮಾನವಾಗಿದೆ. ಬೇಕಿರುವುದು ಇಷ್ಟು:

ಕಳಿಸಿದವರ ಹೆಸರು ದೂರದಿಂದಲೇ ಕಾಣುವಷ್ಟು ದೊಡ್ಡದಾಗಿ. ಕೆಳಗೆ ತಾರೀಕು, ಸಮಯ. ಆ ಹಾಳೆ ಮಾತ್ರ ಪಕ್ಕದ ಟ್ರೇಯಲ್ಲಿರುವ ಹಳದಿ ಕಾಗದದಲ್ಲಿ. ಸಾಧ್ಯವಾದರೆ ಕಚೇರಿಯ ಹೆಸರು ಕನ್ನಡದಲ್ಲಿ.

ಸಿಸ್ಟಮ್32 ಫೋಲ್ಡರ್‌ನಲ್ಲಿ ಸಿಸ್‌ಪ್ರಿಂಟ್.ಸೆಪ್ ಅಂತ ಒಂದು ಸಿಕ್ಕಿತು. ಅದನ್ನು ಹಾಕಿ ನೋಡಿದರೆ ಪ್ರತಿ ಜಾಬ್‌ನ ಮುಂದೆ ಶೇಕಡಾ ಚಿಹ್ನೆ, ಆವರಣ ಚಿಹ್ನೆ ತುಂಬಿದ ಪ್ರೋಗ್ರಾಂ ಸಾಲುಗಳು ಪುಟಗಟ್ಟಲೆ ಬರುತ್ತಿವೆ. ಏನು ತಪ್ಪಾಗಿದೆ?

ಉತ್ತರ 1: ಸ್ಪೂಲರ್‌ಸ್ವಾಮಿ

ಅದು ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಬಲ್ಲ ಪ್ರಿಂಟರ್‌ಗಾಗಿ ಬರೆದ ಫೈಲ್ ಸರ್. ನಿಮ್ಮ ಯಂತ್ರಕ್ಕೆ ಆ ಭಾಷೆ ಬರುವುದಿಲ್ಲ, ಹಾಗಾಗಿ ಕೊಟ್ಟ ಆಜ್ಞೆಗಳನ್ನೇ ಬರಹ ಅಂದುಕೊಂಡು ಅಚ್ಚು ಹಾಕಿದೆ. ವಿಂಡೋಸ್ ಜೊತೆ ಬರುವ ಸೆಪ್ (ಸೆಪರೇಟರ್) ಫೈಲುಗಳು ನಾಲ್ಕು. ಸಿಸ್‌ಪ್ರಿಂಟ್ ಪೋಸ್ಟ್‌ಸ್ಕ್ರಿಪ್ಟ್ ಯಂತ್ರಗಳಲ್ಲಿ ಹಾಳೆ ಹಾಕುತ್ತದೆ. ಸಿಸ್‌ಪಿಆರ್‌ಟಿಜೆ ಅದರದೇ ಜಪಾನಿ ರೂಪ. ಪಿಸಿಎಲ್.ಸೆಪ್ ಪ್ರಿಂಟರನ್ನು ಪಿಸಿಎಲ್ ಅನ್ನುವ ಇನ್ನೊಂದು ಪ್ರಿಂಟರ್ ಭಾಷೆಗೆ ತಿರುಗಿಸಿ ಹಾಳೆ ಹಾಕುತ್ತದೆ. ಪಿಸ್ಕ್ರಿಪ್ಟ್.ಸೆಪ್ ಬರೀ ಪೋಸ್ಟ್‌ಸ್ಕ್ರಿಪ್ಟ್‌ಗೆ ತಿರುಗಿಸುತ್ತದೆ ಅಷ್ಟೇ, ಹಾಳೆ ಬರುವುದಿಲ್ಲ. ನಿಮಗೆ ಬೇಕಿರುವುದು ಪಿಸಿಎಲ್.ಸೆಪ್.

ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿಬಿಡಿ. ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬರೆದು, ಕಮಾಂಡ್ ಪ್ರಾಂಪ್ಟ್‌ನಿಂದ ಕಾಪಿ /ಬಿ ಕೊಟ್ಟು ಆ ಫೈಲನ್ನು ನೇರ \\ಸರ್ವರ್\ಪ್ರಿಂಟರ್ ಹೆಸರಿಗೆ ಕಳಿಸಿ. ಬರಹ ಅಚ್ಚಾದರೆ ಸೆಪರೇಟರ್ ಕೆಲಸ ಮಾಡುತ್ತದೆ. ಅಚ್ಚಾಗದೆ ಪ್ಯಾನೆಲ್‌ನ ದೀಪ ಮಿನುಗುತ್ತಾ ನಿಂತರೂ ಗಾಬರಿ ಬೇಡ. ಪುಟ ತುಂಬಲಿಲ್ಲ, ಪುಟ ಹೊರಹಾಕು ಅನ್ನುವ ಆಜ್ಞೆಯೂ ಬರಲಿಲ್ಲ ಅಂತ ಕಾಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಹೊರಹಾಕುತ್ತದೆ, ಇಲ್ಲವೇ ಕಂಟಿನ್ಯೂ ಗುಂಡಿ ಒತ್ತಿ. ಏನೂ ಬರಲೇ ಇಲ್ಲ ಅಂದರೆ ಅದು ಕಂಪ್ಯೂಟರ್‌ನಿಂದಲೇ ಚಿತ್ರ ಕಟ್ಟಿಸಿಕೊಳ್ಳುವ ಜಾತಿಯ ಯಂತ್ರ. ಕ್ಯಾಪ್ಟ್, ಯುಎಫ್‌ಆರ್ 2 ಎಲ್‌ಟಿ ಅನ್ನುವ ಭಾಷೆಗಳನ್ನು ಮಾತ್ರ ಬಲ್ಲ ಸಣ್ಣ ಲೇಸರ್‌ಗಳು ಈ ಗುಂಪಿನವು. ಅವಕ್ಕೆ ಸೆಪ್ ಫೈಲ್ ಹಾಕಿ ಪ್ರಯೋಜನವಿಲ್ಲ.

ಇನ್ನು ಫೈಲ್ ಬರೆಯುವ ಬಗೆ. ಇಲ್ಲಿ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಆಯಾ ಇಂಗ್ಲಿಷ್ ದೊಡ್ಡಕ್ಷರ ಹಾಕಿಕೊಳ್ಳಿ. ಮೊದಲ ಸಾಲಿನಲ್ಲಿ ಒಂದೇ ಒಂದು ಚಿಹ್ನೆ ಇರಬೇಕು. ಮುಂದೆ ಆ ಚಿಹ್ನೆ ಎಲ್ಲಿ ಬಂದರೂ ಅದರ ಪಕ್ಕದ್ದು ಆಜ್ಞೆ ಅಂತ ಸ್ಪೂಲರ್ (ಜಾಬ್‌ಗಳನ್ನು ಪ್ರಿಂಟರ್‌ಗೆ ಕಳಿಸುವ ವಿಂಡೋಸ್ ಸೇವೆ) ತಿಳಿಯುತ್ತದೆ. ಪಿಸಿಎಲ್ ಫೈಲಿಗೆ \ ಇಟ್ಟುಕೊಳ್ಳಿ. @ ಇಟ್ಟರೆ ಪಿಜೆಎಲ್ (ಪ್ರಿಂಟರ್‌ಗೆ ಭಾಷೆ ಬದಲಿಸು ಅಂತ ಹೇಳುವ ಆಜ್ಞೆ) ಸಾಲಿನ ಮೊದಲಿಗೇ ಅದೇ @ ಇರುವುದರಿಂದ ಗೊಂದಲವಾಗುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಫೈಲಾದರೆ ತದ್ವಿರುದ್ಧ, ಅಲ್ಲಿ \ ಅನ್ನುವುದಕ್ಕೆ ಬೇರೆ ಕೆಲಸ ಇದೆ.

\ಎನ್ : ಜಾಬ್ ಕಳಿಸಿದವರ ಲಾಗಿನ್ ಹೆಸರು
\ಐ : ಜಾಬ್ ಸಂಖ್ಯೆ
\ಡಿ, \ಟಿ : ತಾರೀಕು, ಸಮಯ
\ಎಲ್ : ಮುಂದಿನ ಆಜ್ಞೆ ಬರುವ ತನಕ ಇರುವ ಬರಹವನ್ನು ಹಾಗೇ ಅಚ್ಚು ಹಾಕು
\ಬಿ\ಎಸ್ : ದೊಡ್ಡ ಅಕ್ಷರ, ಒಂಟಿ ಅಗಲ
\ಬಿ\ಎಂ : ದೊಡ್ಡ ಅಕ್ಷರ, ಜೋಡಿ ಅಗಲ
\ಯು : ದೊಡ್ಡ ಅಕ್ಷರ ಸಾಕು
\0 ರಿಂದ \9 : ಅಷ್ಟು ಸಾಲು ಬಿಡು. ಸೊನ್ನೆ ಅಂದರೆ ಮುಂದಿನ ಸಾಲಿಗೆ ಹೋಗು
\ಡಬ್ಲ್ಯು78 : ಅಗಲ 78 ಅಕ್ಷರ
\ಎಚ್1ಬಿ : ಆ ಹೆಕ್ಸ್ ಸಂಖ್ಯೆಯ ಅಕ್ಷರವನ್ನು ನೇರ ಪ್ರಿಂಟರ್‌ಗೆ ಕಳಿಸು
\ಎಫ್ ಪಕ್ಕ ಫೈಲಿನ ದಾರಿ : ಆ ಫೈಲಿನಲ್ಲಿ ಇರುವುದನ್ನೆಲ್ಲ ಮುಟ್ಟದೆ ಕಳಿಸು
\ಇ : ಹಾಳೆ ಹೊರಹಾಕು

ಪಟ್ಟಿಯಲ್ಲಿ ಡಾಕ್ಯುಮೆಂಟಿನ ಹೆಸರು ಇಲ್ಲ, ಕಂಪ್ಯೂಟರಿನ ಹೆಸರೂ ಇಲ್ಲ. ನಾನು ಬರೆಯುವುದನ್ನು ಮರೆತೆ ಅಂದುಕೊಳ್ಳಬೇಡಿ, ವಿಂಡೋಸ್‌ನಲ್ಲಿ ಅದಕ್ಕೆ ಆಜ್ಞೆಯೇ ಇಲ್ಲ. ನನ್ನ ಪ್ರಕಾರ ಇಲ್ಲದ್ದೇ ಒಳ್ಳೆಯದು. "ವಜಾ ಆದೇಶ ಕರಡು" ಅಂತ ಹಳದಿ ಹಾಳೆಯ ಮೇಲೆ ಬಂದು ಟ್ರೇಯಲ್ಲಿ ಕೂತರೆ ಊರಿಗೆಲ್ಲ ಡಂಗುರ.

ಅಗಲ ತಾನಾಗಿ 80 ಇರುತ್ತದೆ, 256ರ ತನಕ ಏರಿಸಬಹುದು. ಆದರೆ ಎ4 ಹಾಳೆಯಲ್ಲಿ ಇಂಚಿಗೆ 10 ಅಕ್ಷರದ ಲೆಕ್ಕದಲ್ಲಿ 78 ಮಾತ್ರ ಹಿಡಿಯುತ್ತದೆ. ಬಲ ಅಂಚಿನಲ್ಲಿ ಎರಡು ಅಕ್ಷರ ಯಾಕೆ ನುಂಗಿಹೋಗುತ್ತಿದೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಕಾರಣ ಇದೇ. ಕೆಲವು ಲೇಸರ್‌ಜೆಟ್‌ಗಳ ಪ್ಯಾನೆಲ್‌ನಲ್ಲಿ ವೈಡ್ ಎ4 ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ 80 ಹಿಡಿಯುತ್ತದೆ. ಜೋಡಿ ಅಗಲದಲ್ಲಿ ಉದ್ದ ಹೆಸರು ಖಂಡಿತ ತುಂಡಾಗುತ್ತದೆ. ಒಂಟಿ ಅಗಲವೇ ಇರಲಿ.

ಕೆಲಸದ ಕ್ರಮ: ಪಿಸಿಎಲ್.ಸೆಪ್ ಅನ್ನು ನಕಲು ಮಾಡಿ ಬೇರೆ ಹೆಸರು ಕೊಡಿ, ಮೂಲವನ್ನು ಮುಟ್ಟಬೇಡಿ. ನಕಲಿನ ಮೇಲ್ಭಾಗದಲ್ಲಿ ಭಾಷೆ ಬದಲಿಸುವ ಸಾಲುಗಳನ್ನು ಇದ್ದ ಹಾಗೇ ಬಿಟ್ಟು ಕೆಳಗಿನದನ್ನು ಮಾತ್ರ ತಿದ್ದಿ. ಆಮೇಲೆ ಸರ್ವರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್, ಸೆಪರೇಟರ್ ಪೇಜ್ ಗುಂಡಿ, ಬ್ರೌಸ್. ಪ್ರಿಂಟಿಂಗ್ ಪ್ರಿಫರೆನ್ಸಸ್ ಅಲ್ಲ, ಅದು ಬೇರೆ ಕಿಟಕಿ. ಪವರ್‌ಶೆಲ್ ರೂಢಿ ಇದ್ದರೆ ಸೆಟ್-ಪ್ರಿಂಟರ್ ಆಜ್ಞೆಗೆ -ಸೆಪರೇಟರ್‌ಪೇಜ್‌ಫೈಲ್ ಕೊಟ್ಟು ದಾರಿ ಬರೆದರೆ ಒಂದೇ ಸಾಲಿನ ಕೆಲಸ.

ಎಡವುವ ಜಾಗಗಳು ಮೂರು, ಮೂರೂ ಫೈಲ್ ಉಳಿಸುವಾಗಲೇ ಆಗುವಂಥವು. ಒಂದು, ಈಗಿನ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8ರಲ್ಲಿ ಉಳಿಸುತ್ತದೆ. ಎನ್‌ಕೋಡಿಂಗ್ ಜಾಗದಲ್ಲಿ ಆನ್ಸಿ ಆರಿಸಿ. ಬಾಮ್ ಸೇರಿದ ಯುಟಿಎಫ್ ಆದರಂತೂ ಫೈಲಿನ ಮೊದಲ ಅಕ್ಷರವೇ ನಿಮ್ಮ \ ಆಗಿರುವುದಿಲ್ಲ, ಕಣ್ಣಿಗೆ ಕಾಣದ ಬೇರೇನೋ ಆಗಿರುತ್ತದೆ. ಎರಡು, ಫೈಲ್ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ಮೂರನೆಯದು ಅನುಭವಸ್ಥರನ್ನೂ ಬಿಡುವುದಿಲ್ಲ: 32 ಬಿಟ್‌ನ ಎಡಿಟರ್‌ನಿಂದ ಸಿಸ್ಟಮ್32ರೊಳಗೆ ಉಳಿಸಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64 ಫೋಲ್ಡರ್‌ಗೆ ದಾಟಿಸುತ್ತದೆ. ಎಡಿಟರ್‌ನಲ್ಲಿ ತೆರೆದರೆ ಫೈಲ್ ಇದೆ, ಸ್ಪೂಲರ್ ಹುಡುಕಿದರೆ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ಉಳಿಸಿ ಎಕ್ಸ್‌ಪ್ಲೋರರ್‌ನಿಂದ ನಕಲು ಮಾಡಿದರೆ ಈ ತಾಪತ್ರಯ ಇಲ್ಲ.

ಝಡ್ ಡ್ರೈವ್ ಅಂತ ಜೋಡಿಸಿಕೊಂಡ ಜಾಲದ ಫೋಲ್ಡರ್ ಕೂಡ ಕೊಡಬೇಡಿ. ಅದು ನಿಮ್ಮ ಲಾಗಿನ್‌ಗೆ ಕಾಣುವ ಡ್ರೈವ್, ಸ್ಪೂಲರ್ ಸೇವೆಗೆ ಕಾಣುವುದಿಲ್ಲ. 1799 ಸಂಖ್ಯೆಯ ದೋಷ ಬಂದರೆ ಸೆಪರೇಟರ್ ಫೈಲನ್ನು ಒಪ್ಪಲಿಲ್ಲ ಅಂತ ಅರ್ಥ, ಮೊದಲು ದಾರಿ ನೋಡಿ.

ಕಚೇರಿ_ಐಟಿ

ತುಂಬಾ ಉಪಕಾರ ಸರ್. ಪಿಸಿಎಲ್.ಸೆಪ್ ನಕಲಿನಿಂದ ಹೆಸರು ಬಂತು. ಈಗ ಎರಡು ತೊಂದರೆ. ಪ್ರತಿ ಸೆಪರೇಟರ್‌ಗೂ ಪ್ರಿಂಟರ್ ನಿಂತು ಲೆಟರ್ ಸೈಜಿನ ಹಾಳೆ ಹಾಕಿ ಅನ್ನುತ್ತದೆ, ಗುಂಡಿ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಡ್ರೈವರ್‌ನಲ್ಲಿ ಎ4 ಅಂತಲೇ ಇದೆ. ಎರಡನೆಯದು, ಲೆಕ್ಕ ವಿಭಾಗದ ಆರೂ ಜನ ಒಂದೇ ಲಾಗಿನ್ ಬಳಸುತ್ತಾರೆ, ಎಲ್ಲರ ಹಾಳೆಯ ಮೇಲೂ ಒಂದೇ ಹೆಸರು.

ಉತ್ತರ 2: ಟೋನರ್_ಖಾಲಿ

ಡ್ರೈವರ್‌ನ ಎ4 ಸೆಪರೇಟರ್‌ಗೆ ಅನ್ವಯಿಸುವುದಿಲ್ಲ. ಈ ಹಾಳೆಯನ್ನು ಸ್ಪೂಲರ್ ಜಾಬ್‌ನ ಮುಂದೆ ತಾನೇ ಅಂಟಿಸುತ್ತದೆ, ಡ್ರೈವರ್‌ನ ಕೈಗೆ ಸಿಗುವುದಿಲ್ಲ. ಅಳತೆ ಹೇಳದ ಬರಹ ಬಂದಾಗ ಪ್ರಿಂಟರ್ ತನ್ನ ಪ್ಯಾನೆಲ್‌ನಲ್ಲಿ ಇಟ್ಟುಕೊಂಡ ಅಳತೆಯನ್ನೇ ಹಿಡಿಯುತ್ತದೆ. ನಿಮ್ಮದರಲ್ಲಿ ಅದು ಲೆಟರ್ ಆಗಿದೆ. ಪ್ಯಾನೆಲ್‌ನ ಪೇಪರ್ ಮೆನುವಿನಲ್ಲಿ ಡಿಫಾಲ್ಟ್ ಅಳತೆ ಎ4 ಮಾಡಿ. ಯಾರಾದರೂ ರೀಸೆಟ್ ಹೊಡೆದರೂ ಕೆಡದಿರಲಿ ಅಂತ ಸೆಪ್ ಫೈಲಿನಲ್ಲೂ ಹೇಳಿಬಿಡಿ.

ಪಿಸಿಎಲ್ ಆಜ್ಞೆ ಹೀಗೆ: \ಎಚ್1ಬಿ ಹಾಕಿದರೆ ಎಸ್ಕೇಪ್ ಅಕ್ಷರ ಹೋಗುತ್ತದೆ. ಅದರ ಬೆನ್ನಿಗೇ \ಎಲ್, ಆಮೇಲೆ & ಚಿಹ್ನೆ, ಇಂಗ್ಲಿಷ್ ಸಣ್ಣ ಎಲ್, 26, ದೊಡ್ಡ ಎ. 26 ಅಂದರೆ ಎ4, ಲೆಟರ್ ಆದರೆ 2, ಲೀಗಲ್ 3. & ಪಕ್ಕದಲ್ಲಿರುವುದು ಸಣ್ಣ ಎಲ್, ಅಂಕಿ 1 ಅಲ್ಲ. ನೋಟ್‌ಪ್ಯಾಡ್‌ನ ಅಕ್ಷರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಈ ಒಂದು ಅಕ್ಷರ ತಪ್ಪಿದರೆ ಆಜ್ಞೆ ಕೆಲಸ ಮಾಡುವುದಿಲ್ಲ.

ಅದೇ ರೀತಿ & ಸಣ್ಣ ಎಲ್ 0 ದೊಡ್ಡ ಎಸ್ ಅಂದರೆ ಒಂದೇ ಮಗ್ಗುಲು. ಪ್ಯಾನೆಲ್‌ನಲ್ಲಿ ಡ್ಯುಪ್ಲೆಕ್ಸ್ (ಎರಡೂ ಮಗ್ಗುಲು ಅಚ್ಚು) ಆನ್ ಇದ್ದರೂ ಹಳದಿ ಹಾಳೆ ಹೊಟ್ಟೆಯೊಳಗೆ ಹೋಗಿ ತಿರುಗಿ ಬರುವ ಸಮಯ ಉಳಿಯುತ್ತದೆ. ಟ್ರೇಗೆ & ಸಣ್ಣ ಎಲ್, ಒಂದು ಸಂಖ್ಯೆ, ದೊಡ್ಡ ಎಚ್. ಯಾವ ಸಂಖ್ಯೆಗೆ ಯಾವ ಟ್ರೇ ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಪ್ರಿಂಟರ್‌ನ ಕೈಪಿಡಿಯಲ್ಲಿ ಪೇಪರ್ ಸೋರ್ಸ್ ಪಟ್ಟಿ ನೋಡಿ. ಸಿಗದಿದ್ದರೆ 1, 4, 5 ಒಂದೊಂದಾಗಿ ಹಾಕಿ ಹಳದಿ ಯಾವುದಕ್ಕೆ ಬರುತ್ತದೋ ಅದನ್ನು ಇಟ್ಟುಕೊಳ್ಳಿ.

ಮೂರನ್ನೂ ಹೆಸರಿಗಿಂತ ಮೊದಲೇ ಬರೆಯಬೇಕು. ಪುಟದ ಮೇಲೆ ಏನಾದರೂ ಬಿದ್ದ ಮೇಲೆ ಅಳತೆ ಅಥವಾ ಟ್ರೇ ಬದಲಿಸಿದರೆ ಪ್ರಿಂಟರ್ ಅಲ್ಲಿಯವರೆಗಿನದನ್ನು ಬಿಳಿ ಹಾಳೆಯಲ್ಲಿ ಹೊರಹಾಕಿ, ಹಳದಿ ಹಾಳೆಯನ್ನು ಖಾಲಿಯಾಗಿ ಶುರುಮಾಡುತ್ತದೆ. ಹಳದಿ ಟ್ರೇಯಿಂದ ಮತ್ತೆ ಬಿಳಿ ಟ್ರೇಗೆ ತರಲು ನೀವೇನೂ ಬರೆಯಬೇಕಿಲ್ಲ, ಮುಂದಿನ ಜಾಬ್‌ನ ತಲೆಯಲ್ಲಿ ಡ್ರೈವರ್ ರೀಸೆಟ್ ಕಳಿಸಿ ತನ್ನ ಟ್ರೇ ತಾನೇ ಹೇಳಿಕೊಳ್ಳುತ್ತದೆ. ಕೊನೆಯಲ್ಲಿ \ಇ ಇರಲಿ. ಜಾಬ್‌ಗೂ ಸೆಪರೇಟರ್‌ಗೂ ನಡುವೆ ಖಾಲಿ ಹಾಳೆಯೊಂದು ಬರತೊಡಗಿದರೆ ಆ \ಇ ತೆಗೆಯಿರಿ.

ಹಳದಿ ಹಾಳೆಯ ಬಗ್ಗೆ ಎಚ್ಚರಿಕೆ. ಆ ಟ್ರೇ ಖಾಲಿಯಾದ ಕ್ಷಣ ಸೆಪರೇಟರ್ ನಿಲ್ಲುತ್ತದೆ, ಅದರ ಹಿಂದೆ ಕ್ಯೂನಲ್ಲಿರುವ ಅಷ್ಟೂ ಜಾಬ್ ನಿಲ್ಲುತ್ತವೆ. ಬಿಳಿ ಟ್ರೇಯಲ್ಲಿ 500 ಹಾಳೆ ತುಂಬಿಕೊಂಡೇ ಇದ್ದರೂ ಅಷ್ಟೇ. ಪಕ್ಕದ ಬೈಪಾಸ್ ಟ್ರೇ ಸಾಮಾನ್ಯವಾಗಿ 100 ಹಾಳೆ ಹಿಡಿಯುತ್ತದೆ, ನಿಮ್ಮ 150 ಜಾಬ್‌ಗೆ ಮಧ್ಯಾಹ್ನವೇ ಮುಗಿಯುತ್ತದೆ. ಹಳದಿಗೆ ದೊಡ್ಡ ಟ್ರೇ ಕೊಡಲು ಆಗದಿದ್ದರೆ ಬಣ್ಣದ ಆಸೆ ಬಿಡಿ.

ಒಂದೇ ಲಾಗಿನ್ ವಿಷಯಕ್ಕೆ: ಅದೇ ಪೋರ್ಟ್, ಅದೇ ಡ್ರೈವರ್ ಇಟ್ಟು ಐದು ಕ್ಯೂ ಮಾಡಿ. ಲೆಕ್ಕ, ಸಿಬ್ಬಂದಿ, ಆವಕ ಹೀಗೆ. ಪ್ರತಿ ಕ್ಯೂಗೆ ಅದರದೇ ಸೆಪ್ ಫೈಲ್, ಅದರಲ್ಲಿ \ಬಿ\ಎಸ್ ಆದಮೇಲೆ \ಎನ್ ಬದಲು \ಎಲ್ ಕೊಟ್ಟು ವಿಭಾಗದ ಹೆಸರನ್ನೇ ಇಂಗ್ಲಿಷ್‌ನಲ್ಲಿ ಬರೆಯಿರಿ. ಆಯಾ ವಿಭಾಗದ ಕಂಪ್ಯೂಟರ್‌ಗೆ ಅದರ ಕ್ಯೂ ಮಾತ್ರ ಜೋಡಿಸಿ. ಹಾಗೇ ಸೆಪರೇಟರ್ ಇಲ್ಲದ ಆರನೆಯ ಕ್ಯೂ ಒಂದಿರಲಿ. ಲೆಟರ್‌ಹೆಡ್, ಚೆಕ್, ಲೇಬಲ್ ಹಾಳೆ ಹಾಕಿಕೊಂಡು ಅಚ್ಚು ಹಾಕುವವರಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಮೊದಲ ಲೆಟರ್‌ಹೆಡ್ ಹಾಳೆ ಸೆಪರೇಟರ್‌ಗೆ ಬಲಿ.

ಎಕ್ಸೆಲ್‌ನಿಂದ ಇಡೀ ವರ್ಕ್‌ಬುಕ್ ಒಟ್ಟಿಗೆ ಕಳಿಸಿದಾಗ ನಡುನಡುವೆ ಸೆಪರೇಟರ್ ಬಂದರೆ ಫೈಲಿನ ತಪ್ಪಲ್ಲ. ಶೀಟ್‌ಗಳ ಪೇಜ್ ಸೆಟಪ್‌ನಲ್ಲಿ ಪ್ರಿಂಟ್ ಕ್ವಾಲಿಟಿ ಬೇರೆ ಬೇರೆ ಇದ್ದರೆ ಎಕ್ಸೆಲ್ ಅದನ್ನು ಹಲವು ಜಾಬ್ ಆಗಿ ಒಡೆಯುತ್ತದೆ. ಎಲ್ಲ ಶೀಟ್ ಒಟ್ಟಿಗೆ ಆರಿಸಿಕೊಂಡು ಪೇಜ್ ಸೆಟಪ್‌ನಲ್ಲಿ ಒಂದೇ ಕ್ವಾಲಿಟಿ ಕೊಡಿ.

ಉತ್ತರ 3: ಪೆಂಗ್ವಿನ್_ಪ್ರಿಯ

ಕನ್ನಡದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಸಹಜವೇ. \ಎಲ್ ಕಳಿಸುವುದು ಬರೀ ಬೈಟ್‌ಗಳನ್ನು. ಅದನ್ನು ಅಕ್ಷರವಾಗಿಸುವುದು ಪ್ರಿಂಟರ್‌ನ ಹೊಟ್ಟೆಯೊಳಗಿನ ಫಾಂಟು, ಅಲ್ಲಿ ಕನ್ನಡ ಇಲ್ಲ. ಫಾಂಟನ್ನು ತುಂಬಿಸಿದೆವು ಅಂತಲೇ ಇಟ್ಟುಕೊಳ್ಳಿ, "ಕ್ಷೇ" ಅನ್ನುವುದಕ್ಕೆ ಒತ್ತು, ಗುಣಿತ ಜೋಡಿಸಿಕೊಡುವವರು ಯಾರು? ಆ ಜೋಡಣೆ ಕಂಪ್ಯೂಟರಿನಲ್ಲೇ ಮುಗಿದಿರಬೇಕು.

ವಿಂಡೋಸ್‌ನಲ್ಲೇ ಉಳಿಯುವುದಾದರೆ \ಎಫ್ ಒಂದೇ ದಾರಿ. ಕನ್ನಡದ ತಲೆಬರಹವನ್ನು ವರ್ಡ್‌ನಲ್ಲಿ ಮಾಡಿ, ಅದೇ ಪ್ರಿಂಟರ್‌ನ ಪಿಸಿಎಲ್ ಡ್ರೈವರ್‌ನಿಂದ ಪ್ರಿಂಟ್ ಟು ಫೈಲ್ ಕೊಟ್ಟು, ಬಂದ ಫೈಲಿನ ದಾರಿಯನ್ನು \ಎಫ್ ಪಕ್ಕ ಬರೆಯಬೇಕು. ಅದು ಮುಟ್ಟದೆ ಪ್ರಿಂಟರ್‌ಗೆ ಹೋಗುತ್ತದೆ. ತೊಡಕು ಏನೆಂದರೆ ಡ್ರೈವರ್ ಮಾಡಿದ ಫೈಲಿನ ಕೊನೆಯಲ್ಲಿ ರೀಸೆಟ್ ಇರುತ್ತದೆ, ಅಲ್ಲಿಗೆ ಪುಟ ಮುಗಿಯಿತು. ಹಾಗಾಗಿ ಕನ್ನಡದ ತಲೆಬರಹ ಒಂದು ಹಾಳೆ, ಹೆಸರು ಇನ್ನೊಂದು ಹಾಳೆ ಆಗುತ್ತದೆ. ಹೆಕ್ಸ್ ಎಡಿಟರ್ ಹಿಡಿದು ಬಾಲ ಕತ್ತರಿಸಬಹುದು, ಆದರೆ ಡ್ರೈವರ್ ಬದಲಾದಾಗಲೆಲ್ಲ ಮತ್ತೆ ಅದೇ ಕೆಲಸ. ಇಷ್ಟಕ್ಕೆ ಇಷ್ಟು ಪಾಡು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಳದಿ ಕಾಗದವನ್ನೇ ಕನ್ನಡ ತಲೆಬರಹದೊಂದಿಗೆ ಮೊದಲೇ ಒಂದು ರೀಮ್ ಅಚ್ಚು ಹಾಕಿಸಿ ಟ್ರೇಯಲ್ಲಿಟ್ಟು, ಸೆಪ್ ಫೈಲಿನಲ್ಲಿ \9 ಕೊಟ್ಟು ಹೆಸರನ್ನು ಕೆಳಗಿಳಿಸಿ. ಸಮಸ್ಯೆ ಮುಗಿಯಿತು.

ಲಿನಕ್ಸ್ ಸರ್ವರ್ ಒಂದು ಬಿಡುವಾಗಿದ್ದರೆ ಕಪ್ಸ್ ಅನ್ನುವ ಅಲ್ಲಿನ ಪ್ರಿಂಟ್ ವ್ಯವಸ್ಥೆಯಲ್ಲಿ ಇದು ಸಲೀಸು. ಅಲ್ಲಿ ಇದಕ್ಕೆ ಬ್ಯಾನರ್ ಅನ್ನುತ್ತಾರೆ, ಆಯ್ಕೆಯ ಹೆಸರು ಜಾಬ್-ಶೀಟ್ಸ್. ಜಾಬ್‌ನ ಮುಂದೆ ಒಂದು, ಹಿಂದೆ ಒಂದು ಹಾಕಬಹುದು. ಕಪ್ಸ್-ಫಿಲ್ಟರ್ಸ್ ಅನ್ನುವ ಪ್ಯಾಕೇಜ್ ಇರುವ ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಬ್ಯಾನರ್ ಫೈಲುಗಳು /ಯುಎಸ್‌ಆರ್/ಶೇರ್/ಕಪ್ಸ್/ಬ್ಯಾನರ್ಸ್ ಒಳಗಿವೆ, ಅವು ಬಳಸುವ ಪಿಡಿಎಫ್ ಪಕ್ಕದ ಡೇಟಾ ಫೋಲ್ಡರ್‌ನಲ್ಲಿ. ಲಿಬ್ರೆ ಆಫೀಸ್ ಡ್ರಾದಲ್ಲಿ ಎ4 ಅಳತೆಯ ಒಂದು ಪುಟ ಮಾಡಿ, ಮೇಲೆ ಕನ್ನಡದಲ್ಲಿ ಕಚೇರಿಯ ಹೆಸರು ಬರೆದು, ನಡುವೆ ಧಾರಾಳ ಖಾಲಿ ಬಿಟ್ಟು ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಫಾಂಟು ಪಿಡಿಎಫ್ ಒಳಗೇ ಸೇರುವುದರಿಂದ ಒತ್ತಕ್ಷರ ಒಡೆಯುವುದಿಲ್ಲ. ಅದನ್ನು ಡೇಟಾ ಫೋಲ್ಡರ್‌ಗೆ ಹಾಕಿ. ಬ್ಯಾನರ್ಸ್‌ನಲ್ಲಿರುವ ಸ್ಟಾಂಡರ್ಡ್ ಫೈಲನ್ನು ಹೊಸ ಹೆಸರಿಗೆ ನಕಲು ಮಾಡಿ, ಟೆಂಪ್ಲೇಟ್ ಸಾಲಿನಲ್ಲಿ ನಿಮ್ಮ ಪಿಡಿಎಫ್‌ನ ಹೆಸರು ಬರೆಯಿರಿ. ಶೋ ಸಾಲಿನಲ್ಲಿ ಏನೇನು ಕಾಣಬೇಕೋ ಅದನ್ನು ಮಾತ್ರ ಉಳಿಸಿ. ಮೊದಲ ಸಾಲಿನ #ಪಿಡಿಎಫ್-ಬ್ಯಾನರ್ ಅನ್ನು ಮುಟ್ಟಬೇಡಿ, ಇದು ಎಂಥ ಫೈಲ್ ಅಂತ ಕಪ್ಸ್ ಗುರುತಿಸುವುದೇ ಅದರಿಂದ. ಸ್ಟಾಂಡರ್ಡ್ ಫೈಲನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿ ಬರೆಯಬಹುದು, ಅದಕ್ಕೇ ಹೊಸ ಹೆಸರು.

ಆಮೇಲೆ ಕಪ್ಸ್ ರೀಸ್ಟಾರ್ಟ್. ಬ್ಯಾನರ್ ಪಟ್ಟಿಯನ್ನು ಅದು ಶುರುವಾಗುವಾಗ ಓದಿಕೊಳ್ಳುತ್ತದೆ. ಎಲ್‌ಪಿಅಡ್ಮಿನ್ ಆಜ್ಞೆಗೆ -ಪಿ ಕ್ಯೂ ಹೆಸರು, -ಓ ಜಾಬ್-ಶೀಟ್ಸ್-ಡಿಫಾಲ್ಟ್ ಸಮ ಚಿಹ್ನೆ, ಬ್ಯಾನರ್ ಹೆಸರು, ಅಲ್ಪವಿರಾಮ, ನನ್. ಆ ಕೊನೆಯ ನನ್ ಅಂದರೆ ಹಿಂದೆ ಹಾಳೆ ಬೇಡ ಅಂತ.

ಇಲ್ಲಿ ಬರುವ ಬಳಕೆದಾರರ ಹೆಸರು ಕಳಿಸಿದ ಯಂತ್ರ ಹೇಳಿಕೊಂಡದ್ದು. ಪಾಸ್‌ವರ್ಡ್ ಕೇಳುವಂತೆ ಮಾಡದಿದ್ದರೆ ಯಾರು ಯಾರ ಹೆಸರನ್ನಾದರೂ ಹೇಳಬಹುದು. ಕಾಗದ ಬೇರ್ಪಡಿಸಲು ಸಾಕು, ಯಾರು ಎಷ್ಟು ಅಚ್ಚು ಹಾಕಿದರು ಅಂತ ಬಿಲ್ಲು ಹಾಕಲು ಸಾಲದು.

ಉತ್ತರ 4: ಹಾಳೆ_ಲೆಕ್ಕ

ಎಲ್ಲ ಸರಿ, ಆದರೆ ದಿನಕ್ಕೆ 150 ಜಾಬ್, ತಿಂಗಳಿಗೆ 22 ಕೆಲಸದ ದಿನ ಅಂದರೆ 3,300 ಹಾಳೆ. ಆರೂವರೆ ರೀಮ್‌ಗಿಂತ ಜಾಸ್ತಿ, ಬರೀ ಹೆಸರು ಹೇಳಲಿಕ್ಕೆ. ಒಂದು ಪುಟದ ಪತ್ರಕ್ಕೂ ಒಂದು ಹಾಳೆ ಜೊತೆಗೆ.

ನಿಮ್ಮದು ದೊಡ್ಡ ಯಂತ್ರವಾದರೆ ಮೊದಲು ಔಟ್‌ಪುಟ್ ಟ್ರೇಯಲ್ಲಿ ಜಾಬ್ ಆಫ್‌ಸೆಟ್ ಇದೆಯೇ ನೋಡಿ. ಒಂದೊಂದು ಜಾಬನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ ಪೇರಿಸುತ್ತದೆ, ಖರ್ಚಿಲ್ಲ. ಪಿನ್ ಹಾಕಿದ ಮೇಲೆ ಅಚ್ಚಾಗುವ ಸೌಲಭ್ಯ ಇದ್ದರಂತೂ ಕಾಗದ ಬೆರೆಯುವ ಪ್ರಶ್ನೆಯೇ ಬರುವುದಿಲ್ಲ, ಕಳಿಸಿದವರು ಎದುರಿಗೆ ನಿಂತಿರುತ್ತಾರೆ. ಅದು ಡ್ರೈವರ್‌ನಲ್ಲಿ ಕಾಣದಿದ್ದರೆ ಪ್ರಿಂಟರ್ ಪ್ರಾಪರ್ಟೀಸ್‌ನ ಡಿವೈಸ್ ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ ಜಾಬ್ ಸ್ಟೋರೇಜ್ ಆಫ್ ಆಗಿರುವುದುಂಟು, ಆನ್ ಮಾಡಿ.

ಸೆಪರೇಟರ್ ಹಾಕಲೇಬೇಕು ಅಂದರೆ ಆ ಹಾಳೆಯ ಇನ್ನೊಂದು ಮಗ್ಗುಲನ್ನೂ ಬಳಸಿ. ಸಂಜೆ ಒಟ್ಟುಮಾಡಿ, ಸ್ಟೇಪಲ್ ಪಿನ್ ಒಂದೂ ಇಲ್ಲ ಅಂತ ನೋಡಿ, ಸುರುಳಿ ಎದ್ದಿರುವುದನ್ನು ಬದಿಗಿಟ್ಟು, ಮಿಕ್ಕಿದ್ದನ್ನು ತಿರುಗಿಸಿ ಮತ್ತೆ ಹಳದಿ ಟ್ರೇಗೆ. ಒಮ್ಮೆ ಬಿಸಿ ಕಂಡ ಹಾಳೆ ಒಂದು ಕಡೆಗೆ ಬಾಗಿರುತ್ತದೆ, ಹಾಗಾಗಿ ಒಂದು ರಾತ್ರಿ ಭಾರದ ಕೆಳಗಿಟ್ಟು ಹಾಕಿದರೆ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಪೆಂಗ್ವಿನ್_ಪ್ರಿಯ ಹೇಳಿದ ಮೊದಲೇ ಅಚ್ಚು ಹಾಕಿಸಿದ ಹಾಳೆಗೆ ಮಾತ್ರ ಇದು ಆಗುವುದಿಲ್ಲ, ತಿರುಗಿಸಿದರೆ ತಲೆಬರಹ ಹಿಂದಕ್ಕೆ ಹೋಗುತ್ತದೆ.

ಕಚೇರಿ_ಐಟಿ

& ಪಕ್ಕ ಅಂಕಿ 1 ಹಾಕಿದ್ದೆ, ಅದೇ ತಪ್ಪು. ಸಣ್ಣ ಎಲ್ ಮಾಡಿದ ಮೇಲೆ ಎ4 ಕೇಳದೆ ಹೋಗುತ್ತಿದೆ. ಟ್ರೇಗೆ 4 ಹಾಕಿದಾಗ ಹಳದಿ ಬಂತು. ವಿಭಾಗಕ್ಕೊಂದು ಕ್ಯೂ ಮಾಡುತ್ತಿದ್ದೇನೆ. ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ಜಾಬ್ ಸ್ಟೋರೇಜ್ ನಿಜಕ್ಕೂ ಆಫ್ ಆಗಿತ್ತು. ಸಿಬ್ಬಂದಿ ವಿಭಾಗದ ಕ್ಯೂಗೆ ಸೆಪರೇಟರ್ ತೆಗೆದು ಪಿನ್ ಹಾಕಿಸುತ್ತೇನೆ, ಉಳಿದ ನಾಲ್ಕಕ್ಕೆ ಹಳದಿ ಹಾಳೆ.